ಐದು ಎಕರೆಯ ಒಳಗಿನವರು

ನಮ್ಮ ಮನೆಗೆ ಬಂದವರು ಮೊದಲು ನಗುವುದು ಕಡ್ಡಿಪೆಟ್ಟಿಗೆಗಳನ್ನು ನೋಡಿ. ಗ್ಯಾಸಿನ ಒಲೆ ಇದೆ, ಟಕ್ಕೆಂದರೆ ಹತ್ತುವ ಲೈಟರ್ ಇದೆ. ಆದರೂ ದೇವರ ಜಗಲಿಯ ಮೇಲೆ ಎರಡು, ಅಡುಗೆಮನೆಯ ಕಪಾಟಿನಲ್ಲಿ ನಾಲ್ಕು, ಹಾಸಿಗೆಯ ಹತ್ತಿರ ಒಂದು, ನನ್ನ ಕೈಚೀಲದಲ್ಲಿ ಇನ್ನೊಂದು. ಸಂತೆಗೆ ಹೋದರೆ ಕಾಯಿಪಲ್ಯ ಮರೆತೇನು, ಕಡ್ಡಿಪೆಟ್ಟಿಗೆಯ ಕಟ್ಟು ಮರೆಯುವುದಿಲ್ಲ. "ಅತ್ತೀ, ನಿಮಗೇನ ಊರ ಸುಡೂದೈತೇನ್ರಿ?" ಎಂದು ಸೊಸೆ ಕೇಳುತ್ತಾಳೆ. ಬಾಜೂ ಮನೆಯ ಹುಡುಗಿಗೆ ನಾನು ಕದ್ದು ಬೀಡಿ ಸೇದುತ್ತೇನೆಂಬ ಅನುಮಾನ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುತ್ತಲೇ ಪೆನ್ಶನ್ ಹಿಡಿದ ಮಾಸ್ತರಿಣಿ ನಾನು. ಆದರೂ "ಕರೆಂಟ್ ಹೋದರ ಬೇಕಾಗ್ತೈತಿ" ಎಂದು ಸಲೀಸಾಗಿ ಹೇಳಿಬಿಡುತ್ತೇನೆ. ನಿಮಗೆ ಖರೆ ಹೇಳುತ್ತೇನೆ. ನೆಟ್ಟಗೆ ಹೇಳಲು ಮಾತ್ರ ನನಗೆ ಬಾರದು, ಸುತ್ತಿ ಬಳಸಿ ಬರುತ್ತೇನೆ, ತುಸು ತಾಳಿಕೊಳ್ಳಿ.

ನಮ್ಮೂರು ಸಂಶಿಯಿಂದ ಆಚೆ ಒಂದು ಹರದಾರಿ ದೂರ. ಪೂರಾ ಎರಿ ಭೂಮಿ, ಕರಿ ಮಣ್ಣು. ಮಳೆ ಬಿದ್ದ ದಿನ ಶಾಲೆಗೆ ಹೋದರೆ ಒಂದೊಂದು ಕಾಲಿಗೆ ಸೇರು ಸೇರು ಮಣ್ಣು ಮೆತ್ತಿಕೊಳ್ಳುತ್ತಿತ್ತು. ಅದನ್ನು ಶಾಲೆಯ ಕಟ್ಟೆಗೆ ಒರೆಸಿ ಮಾಸ್ತರರಿಂದ ಬೈಸಿಕೊಳ್ಳುವುದು ನಮ್ಮ ಮೊದಲನೆಯ ಪಾಠ. ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುತ್ತಿದ್ದೆವು. ಹೊಲವನ್ನು ಯಾರೂ ಎಕರೆಯಲ್ಲಿ ಹೇಳುತ್ತಿರಲಿಲ್ಲ, ಕೂರಿಗಿ ಎನ್ನುತ್ತಿದ್ದರು. ಜೋಡಿ ಎತ್ತು ಹೂಡಿ ಒಂದು ದಿನದಲ್ಲಿ ಬಿತ್ತಿ ಮುಗಿಸುವಷ್ಟು ನೆಲ ಒಂದು ಕೂರಿಗಿ, ಹೆಚ್ಚುಕಡಿಮೆ ನಾಲ್ಕು ಎಕರೆ. ನಮ್ಮದು ಮೂರು ಕೂರಿಗಿ. ಆ ಲೆಕ್ಕದಲ್ಲಿ ನಾವು ಬಡವರೂ ಅಲ್ಲ, ಸಾಹುಕಾರರೂ ಅಲ್ಲ, ಉಂಡು ಉಟ್ಟು ಇದ್ದವರು. ನಾವು ಸಣ್ಣವರೋ ದೊಡ್ಡವರೋ ಎಂಬ ಪ್ರಶ್ನೆ ಬಂದದ್ದು ಸರಕಾರ ಎಕರೆ ಎಣಿಸಲು ಹೊರಟ ಮೇಲೆ.

ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಮ್ಮ ಗುರಪ್ಪ ಕಾಕಾ, ಅವನ ಹೆಂಡತಿ ಕಾಕಿ, ನಾನು, ಮತ್ತೆ ದೊಡ್ಡವ್ವ. ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ, ಪಾರವ್ವ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅಡುಗೆಮನೆ ಆಕೆಯದು. ಅವ್ವ ಮದುವೆಯಾಗಿ ಬಂದಾಗ ಆಕೆಗೆ ರೊಟ್ಟಿ ಬಡಿಯಲು ಕಲಿಸಿದವಳು ದೊಡ್ಡವ್ವ. ನನ್ನನ್ನು ಎರೆದು ಬೆಳೆಸಿದವಳೂ ಅವಳೇ. ಎತ್ತರದ ಆಳು, ಮಾತು ಕಡಿಮೆ.

ಆಕೆಯ ಸ್ವಭಾವ ಹೇಳಬೇಕೆಂದರೆ ತಂಬಾಕಿನ ಸುದ್ದಿ ಹೇಳಬೇಕು. ದೊಡ್ಡವ್ವನಿಗೆ ಎಲೆ ಜೊತೆ ತಂಬಾಕು ಹಾಕುವ ಚಟವಿತ್ತು. ಒಂದು ಸಲ ಸಂತೆಯಿಂದ ತರಲು ಅಪ್ಪ ಮರೆತ. ಯಾಕೆ ತರಲಿಲ್ಲ ಎಂದು ಆಕೆ ಕೇಳಲಿಲ್ಲ. ಮುಂದಿನ ಸಂತೆಯಲ್ಲಿ ನೆನಪಾಗಿ ಅಪ್ಪ ಎರಡು ಪಟ್ಟು ತಂದ. "ನಾ ಬಿಟ್ಟೇನಪಾ ಈರಪ್ಪ" ಎಂದಳು. ಹದಿನೈದು ವರ್ಷದ ಚಟ ಎಂಟು ದಿನದಲ್ಲಿ ಬಿಟ್ಟಿದ್ದಳು, ಮತ್ತೆ ಮುಟ್ಟಲಿಲ್ಲ. ಸಿಟ್ಟಿಲ್ಲ, ಜಗಳವಿಲ್ಲ. ಕೊಡದಿದ್ದದ್ದನ್ನು ಕೇಳುವ ಜಾತಿಯ ಹೆಂಗಸಲ್ಲ ಆಕೆ.

ಎಪ್ಪತ್ತರ ದಶಕದ ನಡುವೆ ಇರಬೇಕು, ಸಣ್ಣ ರೈತರಿಗೆ ಸರಕಾರ ಎಮ್ಮೆ ಕೊಡಿಸುತ್ತದೆ ಎಂಬ ಸುದ್ದಿ ಬಂತು. ಬೆಲೆಯಲ್ಲಿ ಕಾಲು ಭಾಗ ಸರಕಾರದ್ದು, ಉಳಿದದ್ದು ಹಾಲಿನ ಹಣದಲ್ಲಿ ಮುಟ್ಟಿಸುತ್ತ ಹೋಗುವುದು. ಸಂಶಿಗೆ ಹಾಲಿನ ಗಾಡಿ ಬರತೊಡಗಿದ ಕಾಲ ಅದು. ಹತ್ತಿ ವರ್ಷಕ್ಕೊಮ್ಮೆ ರೊಕ್ಕ ತೋರಿಸಿದರೆ ಎಮ್ಮೆ ವಾರವಾರ ತೋರಿಸುತ್ತದೆ. ನಾನು ಆಗ ಏಳನೇ ಇಯತ್ತೆ. ಊರಲ್ಲಿ ಅದರ ಮುಂದೆ ಶಾಲೆಯಿಲ್ಲ. "ಎಮ್ಮಿ ಬಂದ್ರ ನಿನ್ನ ಸಂಶಿ ಹೈಸ್ಕೂಲಿಗೆ ಹಾಕತೀನಿ. ಬರದಿದ್ರ ಹೊಲಕ್ಕ ಬಾ, ಹತ್ತಿ ಬಿಡಿಸು" ಎಂದ ಅಪ್ಪ. ಆ ದಿನದಿಂದ ಬೇರೆಯವರ ಎಮ್ಮೆ ಕಂಡರೂ ನಾನು ಅದರ ಮೈ ಸವರುತ್ತಿದ್ದೆ.

ಊರ ಹೊಲಗಳ ಲೆಕ್ಕ ಬರೆಯುವ ತಲಾಟಿಯನ್ನು ಕಾಣಲು ಚಾವಡಿಗೆ ಹೋಗುವಾಗ ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ನನ್ನ ಅಕ್ಷರ ಚಂದ ಎಂಬುದು ನಮ್ಮ ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ನಾನೇ ಹೇಳುತ್ತಿದ್ದೆ. ತಲಾಟಿ ನಮ್ಮ ಹೊಲದ ದಾಖಲೆಯ ಉತಾರ ತೆಗೆದು ಬೆರಳು ಆಡಿಸಿದ.

"ಐದ ಎಕರೆ ಒಳಗಿದ್ರ ಸಣ್ಣ ರೈತ. ನಿಮ್ಮದು ಹನ್ನೆರಡು ಐತಿ."

"ನಾವು ಇಬ್ಬರು ಅಣ್ಣತಮ್ಮದೇರು ಅದೀವ್ರಿ" ಎಂದ ಅಪ್ಪ.

"ಇಬ್ಬರಿಗೆ ಆರಾರು ಬರ್ತಾವು. ಆರಾದ್ರ ನೀವು ಸಣ್ಣವರಲ್ಲ."

ಅಪ್ಪನ ಮುಖ ಇಳಿಯಿತು. ಒಂದು ಎಕರೆಗೆ ನಾವು ದೊಡ್ಡವರಾಗಿಬಿಟ್ಟಿದ್ದೆವು. ತಲಾಟಿ ಅಡಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡ. ಆಮೇಲೆ ಕೇಳಿದ:

"ನಿಮ್ಮ ಅತ್ತಿಗೆವ್ವ ಅದಾಳಲ್ಲ? ಗಂಡನ ಪಾಲು ಆಕೀದು ಇದ್ದ ಐತಿ. ಮೂವರ ಹೆಸರಿಗೆ ಹೊಲ ಹಂಚಿಕೊಂಡೀವಿ ಅಂತ ವಾಟ್ನಿ ವರದಿ ಕೊಡ್ರಿ. ನಾಕ ನಾಕ ಎಕರೆ. ಮೂವರೂ ಸಣ್ಣ ರೈತರು, ಮೂರ ಎಮ್ಮಿ."

ಅಪ್ಪ ನಕ್ಕುಬಿಟ್ಟ. ಅತ್ತಿಗೆಗೆ ಪಾಲು ಎಂಬುದು ಅವನ ತಲೆಯಲ್ಲಿ ಎಂದೂ ಬಂದಿರಲಿಲ್ಲ. ಆಕೆಯ ತಲೆಯಲ್ಲಿಯೂ ಬಂದಿರಲಿಕ್ಕಿಲ್ಲ. "ಕಾಗದದ ಮ್ಯಾಲ ಅಷ್ಟ ಹೌದಲ್ರಿ?" ಎಂದು ಕೇಳಿದ.

"ಕಾಗದದ ಮ್ಯಾಲ ಅಷ್ಟ. ಆದ್ರ ಸಾಹೇಬ್ರು ಮನೀಗಿ ಬಂದು ನೋಡ್ತಾರು. ಒಲಿ ಮೂರ ಇರಬೇಕು ಮತ್ತ. ಒಂದ ಒಲಿ ಮ್ಯಾಲ ಉಂಡ್ರ ಒಂದ ಕುಟುಂಬ ಅಂತ ಬರೀತಾರು."

ಅರ್ಜಿ ಮೂರನ್ನೂ ನಾನೇ ಬರೆದೆ. ಇಂಥ ಮಾನದ ಕೆಲಸ ನನ್ನ ಬಾಳಿನಲ್ಲಿ ಅದೇ ಮೊದಲು. ಪಡಸಾಲೆಯಲ್ಲಿ ಮಣೆ ಹಾಕಿಕೊಂಡು, ದೌತಿಯಲ್ಲಿ ಟಾಕು ಅದ್ದಿ, ನಾಲಿಗೆ ಕಚ್ಚಿಕೊಂಡು ಬರೆದೆ. ಹೆಬ್ಬಟ್ಟು ಒತ್ತುವ ಮೊದಲು ಓದಿ ಹೇಳಬೇಕೆಂದು ತಲಾಟಿ ಹೇಳಿದ್ದ. ದೊಡ್ಡವ್ವನ ಅರ್ಜಿಯನ್ನು ಶಾಲೆಯಲ್ಲಿ ಪದ್ಯ ಓದುವ ಧಾಟಿಯಲ್ಲಿ ಓದಿದೆ: "ಅರ್ಜಿದಾರರು, ಪಾರವ್ವ. ಗಂಡ, ಇಲ್ಲ. ಮಕ್ಕಳು, ಇಲ್ಲ. ಅರ್ಜಿದಾರರ ಮೇಲೆ ಅವಲಂಬಿಸಿದವರು, ಯಾರೂ ಇಲ್ಲ. ಕುಟುಂಬದಲ್ಲಿ ಊಟ ಮಾಡುವವರು, ಒಬ್ಬರು."

"ಎಷ್ಟ ಚಂದ ಬರದಿ" ಎಂದಳು ದೊಡ್ಡವ್ವ. ಸ್ವಲ್ಪ ತಡೆದು, "ಅಷ್ಟಕ್ಕೂ ಇಲ್ಲ ಅಂತ ಬರೀಬೇಕಾತೇನು?" ಎಂದು ಕೇಳಿ, ಹೆಬ್ಬೆರಳು ಮುಂದೆ ಚಾಚಿದಳು. ನಾನು ಮಸಿ ಹಚ್ಚಿದೆ.

ಒಲೆ ಕಟ್ಟುವುದರಲ್ಲಿ ದೊಡ್ಡವ್ವನನ್ನು ಬಿಟ್ಟರಿಲ್ಲ. ಓಣಿಯಲ್ಲಿ ಅರ್ಧ ಒಲೆ ಆಕೆ ಕಟ್ಟಿದವೇ. ಮಣ್ಣು, ಹೊಟ್ಟು, ಸೆಗಣಿ ಕಲಸಿ ಕಾಕಾನಿಗೆ ಮುಂಚಿಕಡೆ ಕೋಣೆಯಲ್ಲಿ ಒಂದು, ತನಗೆ ದನದ ಅಂಕಣದ ಬಾಜೂ ಹೊಟ್ಟು ತುಂಬುವ ಕೋಣೆಯಲ್ಲಿ ಒಂದು ಕಟ್ಟಿದಳು. "ಸರಕಾರಕ್ಕ ಒಲಿ ಕಟ್ಟಾಕ್ಹತ್ತೀನಿ ನೋಡ, ಕೂಲಿ ಯಾರ ಕೊಡ್ತಾರು?" ಎಂದು ಕಾಕಿಯ ಜೊತೆ ನಗುತ್ತಿದ್ದಳು. ಆಗಿನ ತೀರ್ಮಾನ ಹೀಗಿತ್ತು: ಒಲೆ ತೋರಿಸಲಿಕ್ಕೆ ಮಾತ್ರ, ಊಟ ಎಲ್ಲರದೂ ಮೊದಲಿನಂತೆ ಒಳಗೆ. ಎಮ್ಮೆ ಬಂದ ಕೂಡಲೇ ಎರಡೂ ಒಲೆ ಒಡೆದುಹಾಕುವುದು.

ಇಲ್ಲಿ ನಮ್ಮೂರ ಒಂದು ಪದ್ಧತಿ ಹೇಳಬೇಕು. ಅಣ್ಣತಮ್ಮಂದಿರು ಬೇರೆಯಾದರೆ ಪಂಚರು ಕೂತು ಹೊಲ ಹಂಚುತ್ತಾರೆ, ಎತ್ತು ಹಂಚುತ್ತಾರೆ, ಭಾಂಡೆ ಹಂಚುತ್ತಾರೆ. ಅಷ್ಟಾದರೂ ಮನೆ ಒಡೆದಂತೆ ಅಲ್ಲ. ಕಡೆಯಲ್ಲಿ ಆ ಮನೆಯ ಹೆಂಗಸು ಹಳೆಯ ಒಲೆಯಿಂದ ಕೆಂಡ ತೆಗೆದು, ಒಡೆದ ಗಡಿಗೆಯ ಬೋಕಿಯಲ್ಲಿ ಹಾಕಿ, ಬೇರೆ ಹೋಗುವವಳಿಗೆ ಕೊಡುತ್ತಾಳೆ. ಅದಾದ ಮೇಲೆ ಮುಗಿಯಿತು. ಬೋಕಿಯಲ್ಲಿ ಕೆಂಡ ತೆಗೆದುಕೊಂಡವಳು ಆ ಮನೆಯಲ್ಲಿ ಮತ್ತೆ ಬೀಗತಿಯಂತೆ ಉಣ್ಣಬೇಕೇ ಹೊರತು ಮನೆಯವಳಂತೆ ಉಣ್ಣುವಂತಿಲ್ಲ. ಕೊಟ್ಟವಳೇ ಬಂದು, ತನ್ನ ಕೈಯಾರೆ ಆ ಹೊಸ ಒಲೆಗೆ ನೀರು ಹಾಕಿ, ಕೈ ಹಿಡಿದು ಕರೆದರೆ ಮಾತ್ರ ತಿರುಗಿ ಒಳಗೆ. ದಿನದ ಬೆಂಕಿ ಬೇರೆ. ಕಡ್ಡಿ ಉಳಿಸಲು ನೆರೆಮನೆಗೆ ಹೋಗಿ ಸೆಗಣಿ ಕುಳ್ಳಿನ ತುಂಡಿಗೆ ಬೆಂಕಿ ಹತ್ತಿಸಿಕೊಂಡು ಬರುತ್ತಿದ್ದೆವು, ಅದಕ್ಕೆ ಅರ್ಥವಿಲ್ಲ. ಅರ್ಥವಿದ್ದದ್ದು ಬೋಕಿಗೆ. ನಮ್ಮ ಓಣಿಯ ಒಬ್ಬಾಕೆ ಬೋಕಿ ಹಿಡಿದು ಅಳುತ್ತ ಹೊಸ್ತಿಲು ದಾಟಿದ್ದನ್ನು ಏಳು ವರ್ಷದವಳಿದ್ದಾಗ ನಾನೇ ನೋಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ಹಾದಿ ನನಗಿಲ್ಲ.

ನಾಳೆ ಸಾಹೇಬರು ಬರುತ್ತಾರೆಂದು ತಲಾಟಿ ಹೇಳಿಕಳಿಸಿದ. ಹೊಸ ಒಲೆ ಹಾಗೇ ಮಸಿಯಿಲ್ಲದೆ ಇದ್ದರೆ ಗುಟ್ಟು ಬಯಲಾಗುತ್ತದೆ, ಉರಿಸಿ ಕರಿ ಹಿಡಿಸಿರಿ ಎಂದಿದ್ದ. ಕಾಕಾ ಬೀಡಿಗೆ ಗೀರಿದ ಕಡ್ಡಿಯಿಂದಲೇ ಕಾಕಿಯ ಒಲೆ ಹಚ್ಚಿದ. ಆಕೆ ನಾಲ್ಕು ಹತ್ತಿಕಟ್ಟಿಗೆ ಉರಿಸಿ ಕೈ ಝಾಡಿಸಿಕೊಂಡು ಬಂದಳು. ಕಾಕಾ ಹೊಲಕ್ಕೆ ಹೋದ.

"ಶಾಂತಾ, ಮಾಡದಾಗ ಕಡ್ಡಿಪೆಟಗಿ ಐತಿ. ಒಯ್ದು ದೊಡ್ಡವ್ವಗ ಕೊಡ. ಎರಡ ರೊಟ್ಟಿ ಬಡೀಲಿ, ಗ್ವಾಡಿ ಕರ್ರಗಾಗಲಿ" ಎಂದು ಹೇಳಿ ಅವ್ವ ಕೊಡ ಎತ್ತಿಕೊಂಡು ಬಾವಿಗೆ ಹೋದಳು.

ಗೋಡೆಯ ಮಾಡದಲ್ಲಿ ಕೈ ಹಾಕಿದರೆ ಕಡ್ಡಿಪೆಟ್ಟಿಗೆಯಿಲ್ಲ, ಕಾಕಾನ ಜೇಬಿನಲ್ಲಿ ಹೊಲಕ್ಕೆ ಹೋಗಿತ್ತು. ಹೊರಗೆ ಗೆಳತಿಯರು ಆಟಕ್ಕೆ ಕೂಗುತ್ತಿದ್ದರು. ಮಳೆಗೆ ಕುಳ್ಳೆಲ್ಲ ಹಸಿ. ಒಳಗೆ ದೊಡ್ಡ ಒಲೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು, ಮೂಲೆಯಲ್ಲಿ ಒಂದು ಬೋಕಿ ಬಿದ್ದಿತ್ತು. ಕೈ ಸುಡಬಾರದಲ್ಲ. ನಾಲ್ಕು ಕೆಂಡ ಬೋಕಿಗೆ ಎಳೆದುಕೊಂಡು, ಉಫ್ ಉಫ್ ಎನ್ನುತ್ತ ಅಂಕಣ ದಾಟಿ ಓಡಿದೆ.

ದೊಡ್ಡವ್ವ ಒಲೆಗೆ ಸಾರಣೆ ಮಾಡುತ್ತ ಕೂತಿದ್ದಳು. ಬೋಕಿ ನೋಡಿದಳು.

"ಯಾರ ಕಳಿಸಿದ್ರು?"

"ಅವ್ವ."

"ಇದರಾಗ?"

"ಹೂಂ" ಎಂದೆ. ನನ್ನ ಕಿವಿ ಹೊರಗಿನ ಆಟದ ಕಡೆ ಇತ್ತು.

ಆಕೆ ಸೀರೆಯ ಸೆರಗು ಮುಂದೆ ತಂದು, ಎರಡೂ ಕೈ ಜೋಡಿಸಿ, ಬೋಕಿಯನ್ನು ತೆಗೆದುಕೊಂಡಳು. "ಆತು. ಹೋಗು" ಎಂದಳು. ನಾನು ಹೋದೆ, ಕತ್ತಲಾಗುವ ತನಕ ಆಡಿದೆ.

ಆ ಸಂಜೆ ಅವ್ವ ಊಟಕ್ಕೆ ಕರೆದರೆ, "ನಂದಾತವಾ, ನನ್ನ ಒಲಿ ಮ್ಯಾಲ ಮಾಡ್ಕೊಂಡೆ" ಎಂಬ ಉತ್ತರ ಬಂತು. ಬಡಿದ ಎರಡು ರೊಟ್ಟಿ ಹಾಳು ಮಾಡಬಾರದೆಂದು ತಿಂದಿರಬೇಕು ಎಂದುಕೊಂಡಳು ಅವ್ವ. ಮರುದಿನ ಸಾಹೇಬರು ಬರಲಿಲ್ಲ. ದೊಡ್ಡವ್ವನೂ ಒಳಗೆ ಬರಲಿಲ್ಲ. ಹಾಸಿಗೆ, ಬುಟ್ಟಿ, ಎರಡು ಗಡಿಗೆ ಹೊಟ್ಟಿನ ಕೋಣೆಗೆ ಹೋದವು. ಮೂರನೆಯ ದಿನ ಊಟಕ್ಕೆ ಕೂತಾಗ ಅವ್ವ ಅಪ್ಪನಿಗೆ ಹೇಳಿದಳು:

"ನಾಕ ಎಕರೆ ಹೆಸರಿಗಿ ಬಿದ್ದಕೂಡ್ಲೆ ಅಕ್ಕನ ನಡತೀನ ಬದಲಾತು ನೋಡ್ರಿ. ಕರದ್ರ ಬರಾಕ ತಯಾರಿಲ್ಲ."

"ಇರಲಿ ಬಿಡ" ಎಂದ ಅಪ್ಪ. "ಸಾಹೇಬ ಯಾವತ್ತ ಬಂದ ನಿಂದರತಾನೋ. ಆಕಿ ಒಲಿ ಉರಿಯಾಕ್ಹತ್ತಿದ್ರ ನಮಗ ಚಲೋನ."

ಆ ಬೋಕಿ ನೆನಪಾಗಿ ನನಗೆ ಎಲ್ಲ ತಿಳಿಯಿತು. ಬಾಯಿ ತೆರೆದರೆ ಅವ್ವನ ಕೈಯ ಸೌಟು ನನ್ನ ಬೆನ್ನಿಗೆ ಬರುತ್ತದೆ ಎಂಬ ಹೆದರಿಕೆ ಒಂದು. ನಾಳೆ ಹೇಳೋಣ ಎಂಬ ಸಮಾಧಾನ ಇನ್ನೊಂದು. ನಾಳೆ ಎಂಬುದು ಎಂಥ ಸೋಗಲಾಡಿ ಶಬ್ದ ಎಂದು ನನಗೆ ಗೊತ್ತಾದಷ್ಟು ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.

ನಾಚಿಕೆಯ ಮಾತು ಒಂದು ಇದೆ, ಹೇಳಿಬಿಡುತ್ತೇನೆ. ದೊಡ್ಡವ್ವನ ಒಲೆ ನನಗೆ ಲಾಭವೇ ಆಯಿತು. ಶಾಲೆಯಿಂದ ಬಂದವಳು ಮೊದಲು ಅಲ್ಲಿಗೆ ಹೋಗುತ್ತಿದ್ದೆ. ಬೂದಿಯಲ್ಲಿ ಸುಟ್ಟ ಬದನೆಕಾಯಿ, ಹಸಿ ಉಳ್ಳಾಗಡ್ಡಿ, ಬಿಸಿ ರೊಟ್ಟಿ. ಅಲ್ಲಿ ಉಂಡು ಒಳಗೆ ಬಂದು ಮತ್ತೆ ಉಣ್ಣುತ್ತಿದ್ದೆ. ಎರಡು ಕುಟುಂಬಗಳಲ್ಲಿ ಊಟ ಮಾಡುವ ಏಕೈಕ ಸದಸ್ಯೆ ನಾನಾಗಿದ್ದೆ. ಒಂದು ದಿನ ರೊಟ್ಟಿ ಮುರಿದು ಕೊಡುತ್ತ ದೊಡ್ಡವ್ವ ಕೇಳಿದಳು:

"ಅವ್ವ ನನ್ನ ಬಗ್ಗೆ ಏನರ ಅಂತಾಳೇನವಾ?"

"ಏನೂ ಇಲ್ಲ."

"ನನ್ನಿಂದ ಏನರ ತಪ್ಪಾಗಿತ್ತೇನ ಅಂತ ಕೇಳಿದೆ. ಕೇಳಬಾರದಿತ್ತು, ಬಿಡ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇರಲಿಲ್ಲ. ನಾನು ಇನ್ನೊಂದು ತುಂಡು ರೊಟ್ಟಿ ಕೇಳಿದೆ.

ಸಾಹೇಬರು ಬಂದದ್ದು ಹತ್ತಿ ಬಿಡಿಸಿ ಮುಗಿಯುವ ಹೊತ್ತಿಗೆ, ಐದು ತಿಂಗಳ ಮೇಲೆ, ಹೇಳದೆ ಕೇಳದೆ ಒಂದು ಮಧ್ಯಾಹ್ನ. ಜೊತೆಗೆ ತಲಾಟಿ. ಹೆಂಗಸರು ಹೊರಗಿನವರ ಮುಂದೆ ಬರುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ, ಅವ್ವ ಒಳಗೇ ಚಹಾಕ್ಕೆ ಇಟ್ಟಳು. ಕಾಗದ ಹಿಡಿದುಕೊಳ್ಳಲು ನಾನು ಅಪ್ಪನ ಬಾಜೂ ನಿಂತಿದ್ದೆ. ಸಾಹೇಬರು ನೇರ ಕಾಕಾನ ಕೋಣೆಗೆ ಹೋಗಿ ಒಲೆಯೊಳಗೆ ಬಗ್ಗಿ ನೋಡಿದರು. ಒಳಗೆ ನಮ್ಮ ಚುಕ್ಕಿ ಕೋಳಿ ಕಾವಿಗೆ ಕೂತಿತ್ತು.

"ಇದರಾಗ ಅಡಗಿ ಮಾಡತೀರೋ, ಮರಿ ಮಾಡಸ್ತೀರೋ?"

ಕಾಕಾ ತಲೆ ಕೆರೆದುಕೊಂಡ. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಸಾಹೇಬರು ನಗಲಿಲ್ಲ. ತಲಾಟಿಯ ಕಡೆ ತಿರುಗಿದರು.

"ಇದು ಕಾಗದದ ವಾಟ್ನಿ. ಇಂಥಾವು ಹತ್ತ ನೋಡೀನಿ. ಮೂರೂ ಅರ್ಜಿ ತಗದ ಹಾಕ್ರಿ."

ತಲಾಟಿಯ ಹಣೆಯಲ್ಲಿ ಬೆವರು ಬಂತು. "ಸಾಹೇಬ್ರ, ಇನ್ನೊಂದ ಒಲಿ ಐತ್ರಿ, ಅದೊಂದ ನೋಡಿಬಿಡ್ರಿ" ಎಂದು ಹೊಟ್ಟಿನ ಕೋಣೆಗೆ ಕರೆದುಕೊಂಡು ಹೋದ.

ದೊಡ್ಡವ್ವ ಬಾಗಿಲಲ್ಲಿ ಎದ್ದು ನಿಂತಳು. ಆಕೆಯ ಒಲೆ ಬೆಚ್ಚಗಿತ್ತು. ಗೋಡೆ ಸೂರಿನ ತನಕ ಕರ್ರಗಾಗಿತ್ತು. ಒಬ್ಬರಿಗೆ ಆಗುವಷ್ಟು ನುಚ್ಚು ಸಣ್ಣ ಗಡಿಗೆಯಲ್ಲಿ ಕುದಿಯುತ್ತಿತ್ತು. ಒಂದೇ ಗಂಗಾಳ ಬೋರಲು ಹಾಕಿತ್ತು. ಸಾಹೇಬರು ಎಲ್ಲ ನೋಡಿ ಕೇಳಿದರು:

"ಯವ್ವಾ, ಖರೇ ಹೇಳ್ರಿ. ನೀವು ಬ್ಯಾರೆ ಅದೀರೋ, ಎಮ್ಮಿ ಸಲುವಾಗಿ ಬ್ಯಾರೆ ಅದೀರೋ?"

"ಖರೇನ ಬ್ಯಾರೆ ಅದೀನ್ರಿ."

"ಯಾವಾಗಿಂದ?"

"ಕೆಂಡ ಕೊಟ್ಟ ದಿನದಿಂದ್ರಿ."

ಸಾಹೇಬರೂ ಈ ಕಡೆಯವರೇ ಇರಬೇಕು. ಅವರ ದನಿ ಇಳಿಯಿತು. "ಬೋಕಿಯೊಳಗ ಕೊಟ್ರ?" ಎಂದರು.

"ಹೌದ್ರಿ. ಬೋಕಿಯೊಳಗ ಕೊಟ್ರು."

ಅಪ್ಪನ ಮುಖಕ್ಕೆ ಜೀವ ಬಂದದ್ದನ್ನು ನಾನು ನೋಡಿದೆ. ದೊಡ್ಡವ್ವನ ಮುಖವನ್ನೂ ನೋಡಿದೆ. ಆಗ ನಾನು ಒಂದೇ ಒಂದು ಮಾತು ಹೇಳಬೇಕಾಗಿತ್ತು: ದೊಡ್ಡವ್ವ, ಅದನ್ನು ಅವ್ವ ಕೊಟ್ಟಿದ್ದಲ್ಲ, ನಾನು ಕಡ್ಡಿಪೆಟ್ಟಿಗೆ ಸಿಗದೆ ತಂದದ್ದು. ಹೇಳಿದ್ದರೆ ಆಕೆ ಆ ಹೊತ್ತೇ ಒಳಗೆ ಬರುತ್ತಿದ್ದಳು. ಅರ್ಜಿ ಮೂರೂ ಹೋಗುತ್ತಿದ್ದವು. ಎಮ್ಮೆ ಇಲ್ಲ, ಹೈಸ್ಕೂಲು ಇಲ್ಲ. ಹನ್ನೆರಡು ವರ್ಷದ ಹುಡುಗಿಗೆ ಅಷ್ಟೆಲ್ಲ ಲೆಕ್ಕ ತಿಳಿಯುತ್ತದೆಯೇ ಎಂದು ನೀವು ಕೇಳಬಹುದು. ನನಗೆ ತಿಳಿದಿತ್ತು. ಕಾಗದವನ್ನು ಎದೆಗೆ ಅವಚಿಕೊಂಡು ಸುಮ್ಮನೆ ನಿಂತೆ.

"ಇದು ಖರೇ ವಾಟ್ನಿ" ಎಂದು ಸಾಹೇಬರು ಬರೆದುಕೊಂಡರು. ಕಾಕಾನ ಒಲೆಗೆ ಏನು ಹೇಳಿದರೋ ನೆನಪಿಲ್ಲ, ಅದೂ ಪಾಸಾಯಿತು.

ಅವರು ಹೋದ ಮೇಲೆ ಅಪ್ಪ ಒಳಗೆ ಬಂದು ಅವ್ವನಿಗೆ ಹೇಳಿದ: "ಅತ್ತಿಗೆವ್ವ ಭಾರಿ ಶಾಣ್ಯಾ ಅದಾಳ. ಬೋಕಿಯೊಳಗ ಕೆಂಡ ಕೊಟ್ಟ ಹೊರಗ ಹಾಕ್ಯಾರ ಅಂತ ಎಂಥಾ ಕತಿ ಕಟ್ಟಿ ಹೇಳಿದ್ಲು. ಸಾಹೇಬನ ಕಣ್ಣಾಗ ನೀರ ಬರೂದು ಅಷ್ಟ ಬಾಕಿ."

"ಅಯ್ಯ ಶಿವನ, ಆಕೀಗಿ ಕೆಂಡ ಯಾರ ಕೊಟ್ಟಿದ್ರು?" 

"ಯಾರ ಕೊಡ್ತಾರ? ನಮ್ಮ ಸಲುವಾಗಿ ಸುಳ್ಳ ಹೇಳಿದ್ಲು."

ಅವ್ವನ ಮನಸ್ಸು ಅಂದು ತುಸು ಕರಗಿತು. ಒಂದು ಬಟ್ಟಲು ಪಾಯಸ ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ದೊಡ್ಡವ್ವ ಅದನ್ನು ತೆಗೆದುಕೊಂಡು, ಬಟ್ಟಲು ತೊಳೆದು, ಬರಿದು ಕಳಿಸಬಾರದೆಂದು ಒಂದು ಬೊಗಸೆ ಶೇಂಗಾ ಹಾಕಿ ತಿರುಗಿ ಕೊಟ್ಟಳು. ನೆರೆಮನೆಯವರು ಹಾಗೆ ಮಾಡುತ್ತಾರೆ.

ಎಮ್ಮೆ ಬಂದವು. ಮೂರೂ ಎಮ್ಮೆಯ ಕಿವಿಗೆ ಬಿಲ್ಲೆ ಹೊಡೆದಿದ್ದರು. ದೊಡ್ಡವ್ವನ ಹೆಸರಿನ ಎಮ್ಮೆ ಮೂರರಲ್ಲಿ ಹೆಚ್ಚು ಹಾಲು ಹಿಂಡುತ್ತಿತ್ತು. ಹಿಂಡುವವಳು ಅವ್ವ, ಹಾಲು ಗಾಡಿಗೆ. ದೊಡ್ಡವ್ವನ ಕೋಣೆಗೆ ದಿನಾ ಒಂದು ಲೋಟ ಹೋಗುತ್ತಿತ್ತು. ಆಕೆ ಇನ್ನೊಂದು ಲೋಟ ಕೇಳಲಿಲ್ಲ. ಇನ್ನು ಒಲೆ ಒಡೆಯೋಣವೇ ಎಂದು ಕಾಕಾ ಒಮ್ಮೆ ಕೇಳಿದ್ದ. ಬಿಲ್ಲೆ ನೋಡಲು ಸಾಹೇಬರು ವರ್ಷವರ್ಷ ಬರುತ್ತಾರಂತೆ, ಇರಲಿ, ಎಂದ ಅಪ್ಪ. ನಾವು ಕೆಟ್ಟವರಲ್ಲ. ಅವಸರವಿಲ್ಲದವರು, ಅಷ್ಟೇ. ನಾನು ಸಂಶಿ ಹೈಸ್ಕೂಲಿಗೆ ಹೋಗತೊಡಗಿದೆ. ನೀಲಿ ಲಂಗ, ಬಿಳಿ ಪೋಲಕ. ಮೊದಲ ದಿನ ದೊಡ್ಡವ್ವನ ಕಾಲಿಗೆ ಬಿದ್ದೆ. "ಇನ್ನ ದೊಡ್ಡ ದೊಡ್ಡ ಅರ್ಜಿ ಬರೀತಿ ನೀನು" ಎಂದು ತಲೆ ಸವರಿದಳು.

ಮೂರು ವರ್ಷ ಹೋದವು. ಮೂರು ವರ್ಷವೂ ಆಕೆ ಹೊಟ್ಟಿನ ಕೋಣೆಯಲ್ಲಿ ಒಬ್ಬಳೇ ಉಂಡಳು. ಹಬ್ಬಕ್ಕೆ ಕರೆದರೆ ಬಂದು ಪಡಸಾಲೆಯಲ್ಲಿ ಕೂಡುವಳು, ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ತಾನು ಕಟ್ಟಿದ ಆ ದೊಡ್ಡ ಒಲೆಯನ್ನು ಪಡಸಾಲೆಯಿಂದಲೇ ಒಮ್ಮೊಮ್ಮೆ ನೋಡುವಳು. ಅವ್ವ ಅದನ್ನು ಸೊಕ್ಕು ಎಂದಳು. ಆಕೆ ಅವ್ವನನ್ನು ಏನೆಂದುಕೊಂಡಿದ್ದಳೋ, ಯಾರಿಗೂ ಹೇಳಲಿಲ್ಲ. ನಾನು ಹತ್ತನೇ ಇಯತ್ತೆಯಲ್ಲಿದ್ದಾಗ ನಾಲ್ಕು ದಿನ ಜ್ವರ ಬಂದು, ಐದನೆಯ ಬೆಳಿಗ್ಗೆ ಹೋಗಿಬಿಟ್ಟಳು. ಒಲೆಯಲ್ಲಿ ಹೊಗೆ ಕಾಣಲಿಲ್ಲ ಎಂದು ಕಾಕಿ ಹೋಗಿ ನೋಡಿದಾಗ ಗೊತ್ತಾಯಿತು.

ನಮ್ಮಲ್ಲಿ ಸಾವಾದ ಮನೆಯಲ್ಲಿ ಮಣ್ಣು ಆಗುವ ತನಕ ಒಲೆ ಹಚ್ಚುವುದಿಲ್ಲ. ನೆರೆಯವರೇ ರೊಟ್ಟಿ ತಂದು ಉಣಿಸುತ್ತಾರೆ. ಅಂದು ಓಣಿಯ ಹಿರಿಯರು ಬಂದು ಕೂತು, ವಾಟ್ನಿ ಆಗಿದೆಯಲ್ಲ, ಹಾಗಾದರೆ ಸಾವು ಯಾರ ಮನೆಯದು ಎಂದು ಕೇಳಿದರು. ಅಪ್ಪ ಅಡುಗೆಮನೆಯ ಕಡೆ ನೋಡಿದ. ಮೂರು ಎಮ್ಮೆಯ ಹಾಲು ಹಿಂಡಿ ಇಟ್ಟಿತ್ತು, ಕಾಸದಿದ್ದರೆ ಕೆಡುತ್ತಿತ್ತು. "ದಾಖಲೆ ಪ್ರಕಾರ ಬ್ಯಾರೆ ಅದೀವು" ಎಂದ. ಹೆಣವನ್ನು ಕೂಡಿಸುವುದು ನಮ್ಮ ರೂಢಿ, ದೊಡ್ಡವ್ವನನ್ನು ಆಕೆಯ ಕೋಣೆಯ ಬಾಗಿಲಲ್ಲಿಯೇ ಕೂಡಿಸಿದರು. ಅವ್ವ ನಮ್ಮ ಒಲೆ ಹಚ್ಚಿ ಹಾಲಿಟ್ಟಳು.

ಅದೇ ಹೊತ್ತಿಗೆ ಬಾಜೂ ಮನೆಯ ನಿಂಗವ್ವ ನಮಗಾಗಿ ರೊಟ್ಟಿ ಬಡಿದು ಬುಟ್ಟಿ ಹೊತ್ತು ತಂದಳು. ಅಡುಗೆಮನೆಯ ಬಾಗಿಲಿಗೆ ಬಂದು ಉರಿಯುವ ಒಲೆ ನೋಡಿ ನಿಂತಳು.

"ಇಲ್ಲೆ ಒಲಿ ಹಚ್ಚೀರಿ?"

"ಹಾಲು ಕೆಡತಾವು ನಿಂಗವ್ವಾ" ಎಂದಳು ಅವ್ವ.

ನಿಂಗವ್ವ ಬುಟ್ಟಿ ಇಳಿಸದೆ ಹಾಗೇ ತಿರುಗಿ ಹೋದಳು. ಆಕೆಯ ಬೆನ್ನು ನೋಡುತ್ತ ನನಗೆ ತಡೆಯಲಾಗಲಿಲ್ಲ.

"ಅವ್ವಾ, ದೊಡ್ಡವ್ವ ಅವತ್ತ ಸಾಹೇಬಗ ಸುಳ್ಳ ಹೇಳಿರಲಿಲ್ಲ. ಬೋಕಿಯೊಳಗ ಕೆಂಡ ಒಯ್ದಾಕಿ ನಾನು. ಕಡ್ಡಿಪೆಟಗಿ ಸಿಗಲಿಲ್ಲ. ಅವ್ವ ಕಳಿಸ್ಯಾಳ ಅಂತ ಹೇಳಿದೆ."

ಅವ್ವನ ಕೈಯ ಸೌಟು ನಿಂತಿತು. ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಇವತ್ತಿಗೂ ಅನಿಸುತ್ತದೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಮೂರ ವರ್ಷ" ಎಂದಳು. "ಮೂರ ವರ್ಷ ನಾ ಆಕೀನ್ನ ಸೊಕ್ಕಿನಾಕಿ ಅಂದೆ. ಆಕಿ ನಾನ ಹೊರಗ ಹಾಕೇನಿ ಅಂತ ತಿಳಕೊಂಡ ಹ್ವಾದ್ಲು. ಈಗ್ಯಾಕ ಹೇಳಿದಿ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಕಟ್ಟಿಗೆ ಹಿಂದಕ್ಕೆ ಎಳೆದು, ಹಾಲಿನ ಪಾತ್ರೆ ಇಳಿಸಿ ಮುಚ್ಚಿದಳು. ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದ. ಅವನ ಹಿಂದೆ ಅಂಗಳದಲ್ಲಿ ಹಿರಿಯರು ಕೂತಿದ್ದರು, ಅವರಾಚೆ ದೊಡ್ಡವ್ವ ಕೂತಿದ್ದಳು. ಅವನಿಗೆ ಹೇಳುತ್ತಾಳೆ ಎಂದುಕೊಂಡೆ. ಹೇಳಿದರೆ ದೊಡ್ಡವ್ವನನ್ನು ಒಳಗೆ ತಂದು ಕೂಡಿಸಲು ಇನ್ನೂ ಹೊತ್ತಿತ್ತು.

"ಹಾಲು ಕಾಸಿದಿ?" ಎಂದ ಅಪ್ಪ.

ಅವ್ವ ಒಮ್ಮೆ ನನ್ನ ಕಡೆ ನೋಡಿದಳು.

"ಹೂಂ, ಕಾಸೇನಿ. ಗಾಡಿಗಿ ಕಳಿಸ್ರಿ" ಎಂದಳು.